ಎಡಗಿವಿಯಲ್ಲಿ ಓದಿದ ಐದು ಪುಟ

ಖಾನಾಪುರ
೧೩ ಆಗಸ್ಟ್ ೨೦೨೪, ಮಂಗಳವಾರ

ನನ್ನ ಮುದ್ದು ಮಮ್ಮಿಗೆ,

ನಿನ್ನ ನಿಖಿತಾಳಿಂದ ಉಸಿರು ಕಟ್ಟುವಷ್ಟು ಗಟ್ಟಿಯಾದ ಅಪ್ಪುಗೆ! ಬೆಳಗಾವಿ ಕ್ಯಾಂಪಿನಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ, ದಿನಕ್ಕೆ ಮೂರು ಸಲ ಫೋನು ಬೇರೆ. ಆದರೂ ಪತ್ರವೇ ಬೇಕು ಅನ್ನಿಸಿತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಹೇಳಬೇಕಾದದ್ದನ್ನು ನುಂಗಿಬಿಡುತ್ತೇನೆ. ಕೈಬರಹವಿಲ್ಲ, ಅಚ್ಚಿನ ಅಕ್ಷರ ಯಾಕೆ ಎಂದು ಈಗಲೇ ಸಿಟ್ಟಾಗಬೇಡ.

ಮೊದಲು ಸಂತೋಷದ ಸುದ್ದಿ. (ಅದಲ್ಲ ಮಮ್ಮಿ! ಮದುವೆಯಾಗಿ ಇನ್ನೂ ಎರಡೂವರೆ ತಿಂಗಳು.) ನಾನಿಲ್ಲಿ ತುಂಬ, ತುಂಬ ಸುಖವಾಗಿದ್ದೇನೆ. ಗೌರೀಶ ಜೆರಾಕ್ಸ್ ಅಂಗಡಿ ಮುಚ್ಚಿ ಬರುವಾಗ ದಿನವೂ ಏನಾದರೂ ತರುತ್ತಾರೆ. ಮೊನ್ನೆ ಕುಂದಾ, ಅದರ ಹಿಂದಿನ ದಿನ ಒಂದೇ ಒಂದು ಪೇರಲಹಣ್ಣು. ಒಂದೇ ಯಾಕೆಂದು ಕೇಳಿದರೆ, “ಎರಡು ತಂದ್ರ ಅರ್ಧಾ ಅರ್ಧಾ ತಿನ್ನೂ ಮಜಾ ಎಲ್ಲೈತಿ?” ಎಂದರು.

ಈಗ ಎರಡನೆಯ ಸುದ್ದಿ. ಕುಳಿತುಕೋ. ನನ್ನ ಗುಟ್ಟು ನಿನ್ನೆ ಇವರೆಲ್ಲರಿಗೂ ತಿಳಿಯಿತು.

ಈ ಮನೆಯಲ್ಲೊಂದು ಪದ್ಧತಿ. ಹೊಸ ಸೊಸೆ ತನ್ನ ಮೊದಲ ಶ್ರಾವಣದ ಸೋಮವಾರ, ವಚನಗಳ ಹಳೆಯ ಪುಸ್ತಕದಿಂದ ಐದು ಪುಟಗಳನ್ನು ಎಲ್ಲರೆದುರು ಓದಬೇಕು. ಅತ್ತೆ ಕಾಶವ್ವ ಹದಿನೈದು ದಿನ ಮೊದಲೇ ಹೇಳಿದ್ದರು. ಇಂಗ್ಲಿಷ್ ಮೀಡಿಯಂ ಹುಡುಗಿ, ಕನ್ನಡ ಸ್ವಲ್ಪ ನಿಧಾನ ಎಂದು ಇವರೆಲ್ಲ ನಂಬಿದ್ದರು. ಇಂಗ್ಲಿಷ್ ಅಕ್ಷರಗಳೂ ನನ್ನ ಕಣ್ಣೆದುರು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು ಎಂಬುದು ನಿನಗೆ ಮಾತ್ರ ಗೊತ್ತಿತ್ತು. ಎಂಟನೆಯ ಇಯತ್ತೆಯಲ್ಲಿ ಡಾಕ್ಟರು ಡಿಸ್ಲೆಕ್ಸಿಯಾ ಎಂದು ಬರೆದುಕೊಟ್ಟ ಕಾಗದವನ್ನು ನೀನು ಟ್ರಂಕಿನ ತಳಕ್ಕೆ ಹಾಕಿದೆ. ಪಿಯುಸಿ ಹೊತ್ತಿಗೆ ಎಲ್ಲ ಸರಿಹೋಯಿತು ಎಂದು ನಾನು ನಿನಗೆ ಹೇಳಿದ್ದು ಸುಳ್ಳು, ಮಮ್ಮಿ. ಬಿ.ಕಾಂ. ಮುಗಿಸಿದ್ದು ಕಣ್ಣಿನಿಂದಲ್ಲ, ಲ್ಯಾಪ್‌ಟಾಪ್ ಗಟ್ಟಿಯಾಗಿ ಓದಿ ಹೇಳಿದ್ದನ್ನು ಕೇಳಿ, ಕೇಳಿ.

ನನ್ನನ್ನು ಹಿಡಿದವರು ಯಾರು ಗೊತ್ತೆ? ಕಾಂತಕ್ಕ! ಗೌರೀಶರ ಅಕ್ಕ, ಹುಟ್ಟಿನಿಂದಲೇ ಕಣ್ಣು ಕಾಣದವರು. ಬೆಳಗಾವಿಯ ಶಾಲೆಯೊಂದರಲ್ಲಿ ನನ್ನಂಥ ಮಕ್ಕಳಿಗೂ ತಮ್ಮಂಥ ಮಕ್ಕಳಿಗೂ ಪಾಠ ಹೇಳುತ್ತಾರೆ. ಔಷಧಿಯ ಚೀಟಿ ಓದು, ಲಗ್ನಪತ್ರಿಕೆ ಓದು ಎಂದು ಅವರು ಕೇಳಿದಾಗಲೆಲ್ಲ ನಾನು ಚಷ್ಮಾ ಮರೆತೆ ಎನ್ನುತ್ತಿದ್ದೆ. ಒಂದು ದಿನ ಬಾಜೂಕೆ ಕೂರಿಸಿಕೊಂಡು ಕೇಳಿದರು: “ಮೂರು ವಾರದಾಗ ನಾಲ್ಕು ಸರ್ತಿ ಚಷ್ಮಾ ಮರತಿ. ನೀ ಚಷ್ಮಾನ ಹಾಕೂದಿಲ್ಲಂತ ಗೌರೀಶ ಹೇಳಿದ. ಖರೇ ಹೇಳವಾ, ಅಕ್ಷರ ನಿಲ್ಲೂದಿಲ್ಲೇನು?”

ಅತ್ತುಬಿಟ್ಟೆ. ಮದುವೆಯ ಮೇಲೆ ಮೊದಲ ಅಳು, ಅದೂ ಎಷ್ಟು ಹಗುರವಾದ ಅಳು!

ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಐದೂ ಪುಟಗಳ ಫೋಟೊ ತೆಗೆದೆವು. ಅವರ ಫೋನು ಅಕ್ಷರ ಗುರುತಿಸಿ ಓದಿ ಹೇಳುತ್ತದೆ, ನನ್ನ ಎಡಗಿವಿಯಲ್ಲೊಂದು ಪುಟ್ಟ ಇಯರ್‌ಫೋನು, ಮೇಲೆ ಸೆರಗು. ಅದು ಹೇಳಿದ್ದನ್ನು ನಾನು ಹೇಳುವುದು, ಪುಸ್ತಕದ ಮೇಲೆ ಬೆರಳಾಡಿಸುವುದು. ವಾರವಿಡೀ ತಾಲೀಮು ಮಾಡಿದೆವು. ಫೋನು ಚಾರ್ಜ್ ಮಾಡುವುದೊಂದು ಬಿಟ್ಟು ಎಲ್ಲವನ್ನೂ ಮಾಡಿದೆವು.

ನಿನ್ನೆ ಪಡಸಾಲೆ ತುಂಬ ಜನ. ಮಠದ ಚನ್ನಬಸಯ್ಯನವರು, ಎದುರು ಮನೆಯ ಮುದುಕಿ ಪದ್ಮವ್ವ, ಓಣಿಯ ಹೆಂಗಸರು. ಮೂರು ಪುಟ ನೀರಿನಂತೆ ಹರಿಯಿತು. ಅತ್ತೆಯ ಮುಖ ನೋಡಬೇಕಿತ್ತು ನೀನು! ನಾಲ್ಕನೆಯ ಪುಟಕ್ಕೆ ಬಂದೆ. ಕಿವಿಗೆ ಬಿದ್ದದ್ದು ಬಾಯಿಗೆ ಬರುತ್ತಿತ್ತು, ನಡುವೆ ತಲೆಗೆ ಕೆಲಸವೇ ಇರಲಿಲ್ಲ. ಅದೇ ಭಕ್ತಿಯಿಂದ, ಅದೇ ರಾಗದಲ್ಲಿ ಹೇಳಿದೆ: “ಬ್ಯಾಟರಿ ಶೇಕಡಾ ಹದಿನೈದು ಉಳಿದಿದೆ. ಚಾರ್ಜರ್ ಜೋಡಿಸಿ.”

ಪದ್ಮವ್ವ ಕೈಮುಗಿದು “ಶರಣು ಶರಣಾರ್ಥಿ” ಎಂದಳು.

ಚನ್ನಬಸಯ್ಯನವರು ಕನ್ನಡಕದ ಮೇಲಿಂದ ನೋಡಿದರು. “ಇದು ಯಾವ ಶರಣರದ್ದವಾ? ನಾ ಓದಿಲ್ಲಲ್ಲ!”

ಗೌರೀಶ ಎದ್ದು, ತನ್ನ ಫೋನು ಮಾತಾಡಿತು, ಅದನ್ನು ಕೇಳಿ ನಾನು ಗಡಿಬಿಡಿಗೊಂಡೆ ಎಂದು ಏನೇನೋ ಹೇಳತೊಡಗಿದರು. ಏನೂ ಗೊತ್ತಿಲ್ಲದೆಯೂ ನನ್ನ ಪಕ್ಷ! ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರ ಬಾಯಲ್ಲೂ ಒಂದು ಸುಳ್ಳು ತುರುಕಲು ನನ್ನಿಂದಾಗಲಿಲ್ಲ. ಇಯರ್‌ಫೋನು ತೆಗೆದು ಪುಸ್ತಕದ ಮೇಲಿಟ್ಟೆ. ನಾನು ಓದಲಿಲ್ಲ, ಕೇಳಿ ಹೇಳಿದೆ, ಓದಲು ನನಗೆ ಬಹಳ ಕಷ್ಟ, ಮದುವೆಗೆ ಮುಂಚೆ ಮುಚ್ಚಿಟ್ಟೆವು ಎಂದೆ.

ಅತ್ತೆ ಎದ್ದು ಅಡುಗೆಮನೆಗೆ ಹೋದರು. ನಾನೂ ಹಿಂದೆಯೇ ಹೋದೆ. ಗೋಧಿ ಹುಗ್ಗಿಯನ್ನು ಗರಗರ ತಿರುವುತ್ತಿದ್ದರು. ತಿರುಗಿ ನೋಡದೆಯೇ ಹೇಳಿದರು: “ಕಣ್ಣಿಲ್ಲದಾಕಿಗೆ ಕಂಡಿದ್ದು ನನಗ ಕಾಣಲಿಲ್ಲಲ್ಲ, ಅದಕ್ಕ ಸಿಟ್ಟು ಬಂದೈತಿ.” ಆಮೇಲೆ ಸೌಟು ನಿಲ್ಲಿಸಿದರು. “ಕಾಂತಾ ಕೂಸಿದ್ದಾಗ ನಾನೂ ಒಂದು ವರ್ಷ ಮುಚ್ಚಿಟ್ಟಿದ್ದೆ. ಯಾರರ ಬಂದ್ರ, ಮಲಗ್ಯಾಳ ಅಂತಿದ್ದೆ. ನಿಮ್ಮವ್ವನ ಮ್ಯಾಲ ನಾ ಏನಂತ ಸಿಟ್ಟಾಗ್ಲಿ? ಹೋಗು, ಆ ಫೋನಿಗೆ ಚಾರ್ಜರ್ ಜೋಡಸು. ಇನ್ನೂ ಎರಡು ಪುಟ ಉಳದಾವು.”

ಉಳಿದದ್ದನ್ನು ಫೋನು ಎಲ್ಲರಿಗೂ ಕೇಳುವಂತೆ ಓದಿತು. ಅರ್ಧ ಪುಟಕ್ಕೇ ಪದ್ಮವ್ವ, “ಇದಕ್ಕ ದಮ್ಮು ಹತ್ತೂದಿಲ್ಲೇನ? ಅದು ಆಕಿಗೆ ಹೇಳ್ಲಿ, ಆಕಿ ನಮಗ ಹೇಳ್ಲಿ” ಎಂದು ಗದರಿದಳು. ಹಾಗೆಯೇ ಮುಗಿಸಿದೆ, ಈ ಸಲ ಸೆರಗು ಮುಚ್ಚದೆ. ಜನ ಹೋದ ಮೇಲೆ ಗೌರೀಶ ಮುಖ ಊದಿಸಿಕೊಂಡು ಕೇಳಿದ್ದು ಒಂದೇ ಮಾತು: “ಹಂಗಾರ ಮದವಿಗಿಂತ ಮದಲ ದಿನಾ ವಾಯ್ಸ್ ಮೆಸೇಜ್ ಕಳಸತಿದ್ದೆಲ್ಲ, ಅದು ಅಕ್ಷರದ ಅಂಜಿಕಿಗೇನ, ಪ್ರೀತಿಗಲ್ಲೇನ?” ಎರಡಕ್ಕೂ ರೀ, ಎಂದೆ.

ಹೀಗಾಗಿ ಮಮ್ಮಿ, ಟ್ರಂಕಿನ ಆ ಕಾಗದ ಯಾರಿಗಾದರೂ ಗೊತ್ತಾದೀತೆಂದು ಇನ್ನು ನೀನು ಹೆದರಿಕೊಂಡು ಬಾಳಬೇಕಾಗಿಲ್ಲ. ಈ ಪತ್ರವನ್ನು ನಾನು ಬಾಯಲ್ಲಿ ಹೇಳಿದೆ, ಫೋನು ಬರೆದುಕೊಂಡಿತು, ಗೌರೀಶರ ಅಂಗಡಿಯಲ್ಲಿ ಅಚ್ಚಾಯಿತು. ತಪ್ಪುಗಳಿದ್ದರೆ ಕೆಂಪು ಪೆನ್ನು ಹಿಡಿದು ಫೋನನ್ನೇ ಬೈ!

ಅರ್ಧ ಪೇರಲಹಣ್ಣಿನ ಒಡತಿ,
ನಿನ್ನ ನಿಖಿತಾ

ತಾ.ಕ.: ಮದುವೆಯ ದಿನ ನನ್ನ ಸೂಟ್‌ಕೇಸಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ನಾಲ್ಕು ಪುಟದ ಪತ್ರ ಇಟ್ಟಿದ್ದೆಯಲ್ಲ, ಓದಿ ಬಹಳ ಅತ್ತೆ ಎಂದು ಫೋನಿನಲ್ಲಿ ಹೇಳಿದ್ದೆ. ಓದಿಲ್ಲ, ಮಮ್ಮಿ. ಎಷ್ಟು ಸಲ ಬಿಚ್ಚಿ ಕೂತರೂ ಎರಡನೆಯ ಸಾಲು ದಾಟಲಿಲ್ಲ. ಕಾಂತಕ್ಕನ ಫೋನಿಗೂ ನಿನ್ನ ಕೈಬರಹ ತಿಳಿಯಲಿಲ್ಲ. ಗೌರೀಶ ಓದುತ್ತೇನೆಂದರು, ನಾನೇ ಕೊಡಲಿಲ್ಲ. ರವಿವಾರ ಬೆಳಗಿನ ಬಸ್ಸಿಗೆ ಬಾ. ಆ ಪತ್ರವನ್ನು ನೀನೇ ಓದು, ನಾನು ನಿನ್ನ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತೇನೆ.