ನೀರಿಗೆ ಬಿದ್ದ ಎರಡು ಕಾರ್ಡು

ಮಾರ್ಚ್ ೧೧, ಮಂಗಳವಾರ

ಕಾರ್ಡುಗಳು ಅದಲುಬದಲಾಗಿರಲಿಲ್ಲ. ಇಷ್ಟು ಬರೆದಿದ್ದಕ್ಕೇ ಮನಸ್ಸು ಎಷ್ಟು ಹಗುರವಾಗುತ್ತಿದೆ!

ಮೂರು ವಾರದ ಹಿಂದೆ ಲ್ಯಾಬಿನಲ್ಲಿ ಇಲಿಗಳ ಎರಡು ಪಂಜರ ತೊಳೆಯುವಾಗ, ಒಳಗಿರುವುದು ಯಾವ ಇಲಿಗಳೆಂದು ಬರೆದಿದ್ದ ಎರಡೂ ಕಾರ್ಡು ನೀರಿಗೆ ಬಿದ್ದವು. ಯಾವುದು ಯಾವ ಪಂಜರದ್ದೆಂದು ತಿಳಿಯದೆ ಅಂದಾಜಿನ ಮೇಲೆ ಮತ್ತೆ ಸಿಕ್ಕಿಸಿದೆ. ಯಾರಿಗೂ ಹೇಳಲಿಲ್ಲ. ಒಂದರಲ್ಲಿದ್ದವು ಸಾಮಾನ್ಯ ಇಲಿಗಳು. ಇನ್ನೊಂದರಲ್ಲಿ, ಕರುಳಿನಲ್ಲಿ ಉರಿಯೂತ ತರುವ ಒಂದು ರಾಸಾಯನಿಕ ಹುಟ್ಟಿನಿಂದಲೇ ಇಲ್ಲದವು. ಎರಡಕ್ಕೂ ಜಂತುಹುಳುವಿನ ಮೊಟ್ಟೆ ಕುಡಿಸಿದ್ದೆವು. ಉರಿಯೂತ ಇಲ್ಲದ ಕರುಳಿನಲ್ಲಿ ಹುಳು ತುಂಬಿ ತುಳುಕುತ್ತದೆ ಎಂದು ಲ್ಯಾಬ್ ನಡೆಸುವ ಮೇಡಂ ನಂಬಿದ್ದರು. ಹತ್ತು ದಿನದ ಹಿಂದೆ ಕರುಳು ಸೀಳಿ ಎಣಿಸಿದರೆ ಎಲ್ಲ ತಲೆಕೆಳಗು. ರಾಸಾಯನಿಕ ಇಲ್ಲದವುಗಳಲ್ಲಿ ನಾಲ್ಕೈದು ಹುಳು, ಸಾಮಾನ್ಯ ಇಲಿಗಳಲ್ಲಿ ನೂರರ ಮೇಲೆ. ಇದು ಕಾರ್ಡು ಅದಲುಬದಲು ಮಾಡಿದ ನನ್ನ ಘನಕಾರ್ಯವೇ ಎಂದುಕೊಂಡೆ. ಅಂದಿನಿಂದ ಊಟ ಸೇರಿರಲಿಲ್ಲ.

ಇವತ್ತು ತಡೆಯಲಾರದೆ ಮೇಡಂ ಮುಂದೆ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದಿಟ್ಟರು. ಫ್ರೀಜರಿನಲ್ಲಿ ಎತ್ತಿಟ್ಟಿದ್ದ ಅದೇ ಇಲಿಗಳ ಬಾಲದ ತುದಿಗಳಿಂದ, ಯಾವುದು ಯಾವ ಇಲಿ ಎಂದು ತಿಳಿಸುವ ಡಿಎನ್‌ಎ ವರದಿ.

"ಕಾರ್ಡು ಸರಿಯಾಗೇ ಇದೆ ಕಣಮ್ಮ. ತಪ್ಪಾಗಿದ್ದು ನನ್ನ ಊಹೆ. ಆ ರಾಸಾಯನಿಕ ಹುಳಾನ ಓಡಿಸ್ತಿಲ್ಲ, ಕೂರಿಸ್ಕೊಂಡು ಸಾಕ್ತಿದೆ!"

ತಮ್ಮ ಊಹೆ ಸುಳ್ಳಾಯಿತೆಂದು ಇಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ.

ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡೆ. "ಅಂತೂ ಹೊಟ್ಟೆ ಇದೆ ಅಂತ ನೆನಪಾಯ್ತಲ್ಲ" ಎಂದರು ಅತ್ತೆ.

ಈಗ ಹೊಳೆಯುತ್ತಿದೆ, ಆ ವರದಿಯ ಮೇಲಿದ್ದದ್ದು ಶುಕ್ರವಾರದ ತಾರೀಕು. ಕಾರ್ಡಿನ ಮೇಲಿನ ನೀರಿನ ಕಲೆ ಅವರ ಕಣ್ಣಿಗೆ ಬಿದ್ದಿರಬೇಕು. ನಾಲ್ಕು ದಿನದಿಂದ ಎಲ್ಲ ಗೊತ್ತಿದ್ದೂ, ನಾನಾಗಿಯೇ ಬಂದು ಹೇಳಲಿ ಎಂದು ಕಾದಿದ್ದರು.