ಮೂರಕ್ಕೆ ಅನ್ಯಾಯವಾದರೆ ಆಗಲಿ

ಅತ್ತೆ,

ನೀವು ಪ್ರಾರ್ಥನೆಗೆ ಕೂತಿದ್ದಿರಿ, ಕರೆಯಲು ಮನಸ್ಸಾಗಲಿಲ್ಲ. ಡ್ಯೂಟಿಗೆ ಹೊರಟೆ. ಅಡುಗೆ ಮುಚ್ಚಿಟ್ಟಿದ್ದೇನೆ.

ನನ್ನ ಸಂಖ್ಯಾಶಾಸ್ತ್ರದ ಪ್ರಾಜೆಕ್ಟನ್ನು ಮೇಷ್ಟರು ನಿನ್ನೆ ವಾಪಸ್ ಕೊಟ್ಟರು. ನಾನು ಡ್ಯೂಟಿಗೆ ಹೋದಾಗ ನನಗಾಗಿ ನೀವು ದಾಳ ಎಸೆದು, ಬಿದ್ದ ಅಂಕಿಗೊಂದು ಗೀಟು ಹಾಕಿಟ್ಟ ಮುನ್ನೂರು ಸಲದಲ್ಲಿ, ಒಂದರಿಂದ ಆರರವರೆಗೆ ಎಲ್ಲವೂ ಐವತ್ತೈವತ್ತು ಸಲವೇ ಬಿದ್ದಿವೆ! "ದಾಳಕ್ಕೆ ಇಷ್ಟು ನ್ಯಾಯ ಎಲ್ಲಿಂದ ಬಂತಮ್ಮ?" ಅಂದರು. ಮನೆಗೆ ಬಂದು ಕೇಳಿದರೆ ನೀವು, "ಪಾಪ, ಮೂರು ಹಿಂದೆ ಬಿದ್ದಿತ್ತು ಕಣೆ, ಅದಕ್ಕೇ ನಾಲ್ಕು ಗೀಟು ಜಾಸ್ತಿ ಎಳೆದೆ" ಅಂದಿರಿ. ನಗಬೇಕೋ ಅಳಬೇಕೋ ತಿಳಿಯದೆ ಹೋಗಿ ಮಲಗಿದೆ. ಎಲ್ಲರ ತಟ್ಟೆಗೂ ಸಮನಾಗಿ ಬಡಿಸಿದ ಕೈ, ದಾಳಕ್ಕೂ ಹಾಗೇ ಬಡಿಸಿಬಿಟ್ಟಿದೆ.

ನಾಳೆ ಒಪ್ಪಿಸದಿದ್ದರೆ ಡಿಗ್ರಿ ಪರೀಕ್ಷೆಗೆ ಕೂರಿಸುವುದಿಲ್ಲ. ಡ್ಯೂಟಿ ಮುಗಿಸಿ ಬಂದು ಇನ್ನೊಂದು ವರ್ಷ ಓದುವ ಶಕ್ತಿ ನನ್ನಲ್ಲಿ ಉಳಿದಿಲ್ಲ, ಅತ್ತೆ. ಹೊಸ ಹಾಳೆ, ದಾಳ ಎರಡನ್ನೂ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಆದಷ್ಟು ಎಸೆಯಿರಿ, ಉಳಿದದ್ದನ್ನು ಸಂಜೆ ಬಂದು ನಾನು ಮುಗಿಸುತ್ತೇನೆ. ದೇವರು ಏನು ಬೀಳಿಸುತ್ತಾನೋ ಅದಕ್ಕಷ್ಟೇ ಗೀಟು ಹಾಕಿ. ಮೂರಕ್ಕೆ ಅನ್ಯಾಯವಾದರೆ ಆಗಲಿ, ಅದನ್ನು ಅವನು ನೋಡಿಕೊಳ್ಳುತ್ತಾನೆ.

ನ್ಯಾಯ ಮಾಡಲೇಬೇಕು ಅನ್ನಿಸಿದರೆ ಮಧ್ಯಾಹ್ನ ನಿಮ್ಮ ತಟ್ಟೆಗೆ ಮಾಡಿ. ದಿನಾ ಕಡಿಮೆ ಬೀಳುವುದು ಅಲ್ಲಿ.