ತಂತಿ ಹಾಕಿಸದ ರಾಕೆಟ್‌ಗಳು

ಕೋರ್ಟ್ರೈಕ್,
ನವೆಂಬರ್ 9, ಶನಿವಾರ

ನನ್ನ ಯೋರಿಸ್‌ಗೆ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಉತ್ತರ ತಡವಾದದ್ದು ಕೆಲಸದಿಂದಲ್ಲ, ಬೇಸರದಿಂದ. ಹದಿನಾಲ್ಕಕ್ಕೇ ಶಾಲೆ ಬಿಟ್ಟು ಅಗಸೆನಾರಿನ ಗಿರಣಿಗೆ ಸೇರಿದವಳು ನಾನು. ನಿನ್ನ ವಕೀಲನ ಹಾಗೆ ನಯವಾಗಿ ಬರೆಯಲು ಬರುವುದಿಲ್ಲ. ನೇರವಾಗಿ ಹೇಳಿಬಿಡುತ್ತೇನೆ: ನೀನು ಕೇಳಿದ ಸುಳ್ಳನ್ನು ನಾನು ಬರೆದುಕೊಡುವುದಿಲ್ಲ.

ಆಗಸ್ಟಿನ ಆ ಟೆನಿಸ್ ಪಂದ್ಯದ ಬೆಳಿಗ್ಗೆ ನನ್ನ ಅಣ್ಣನ ಮಗ ನನ್ನ ಹತ್ತಿರ ಮೂರು ರಾಕೆಟ್‌ಗಳಿಗೆ ಹೊಸ ತಂತಿ ಹಾಕಿಸಿಕೊಂಡ ಎಂಬ ಒಂದೇ ಸಾಲು ಸಾಕು, ನೀನು ಗೆಲ್ಲಲೆಂದೇ ಇಳಿದಿದ್ದೆ ಎಂದು ಗುರುವಾರ ಮೋಸದಾಟದ ವಿಚಾರಣೆ ಮಾಡುವವರಿಗೆ ತಿಳಿಯುತ್ತದೆ, ಇಲ್ಲದಿದ್ದರೆ ಜೀವಮಾನವಿಡೀ ನಿಷೇಧ ಎಂದು ಬರೆದಿದ್ದೀಯ. ಗೊತ್ತು ಕಣೋ. ಆದರೆ ನೀನು ಹಾಕಿಸಿಕೊಳ್ಳಲಿಲ್ಲವಲ್ಲ!

ಹನ್ನೆರಡು ವರ್ಷ ಊರೂರಿನ ಟೂರ್ನಿಗಳಲ್ಲಿ ತಂತಿ ಬಿಗಿಯುವ ನನ್ನ ಯಂತ್ರದ ಮುಂದೆ ನಿಂತು ತಲೆ ತಿಂದವನು ನೀನು. "ಅತ್ತೆ, ಇವತ್ತು ಚಳಿ, ತಂತಿ ಬಿಗಿ ಅರ್ಧ ಕಿಲೋ ಇಳ್ಸು." "ಅತ್ತೆ, ಚೆಂಡು ಹಾರ್ತಿದೆ, ಬಿಗಿ ಮಾಡು." ನಿನ್ನಷ್ಟು ಪೀಡಿಸಿದ ಆಟಗಾರ ಇನ್ನೊಬ್ಬನಿಲ್ಲ. ಜ್ವರವಿದ್ದ ದಿನವೂ ಮೂರು ರಾಕೆಟ್ ತರುತ್ತಿದ್ದೆ. ಆ ಬೆಳಿಗ್ಗೆ ಮಾತ್ರ ಬರಿಗೈಯಲ್ಲಿ ಬಂದೆ. ನನ್ನ ಫ್ಲಾಸ್ಕಿನ ಕಾಫಿ ಕುಡಿದೆ, ನನ್ನ ಬ್ರೆಡ್ಡು ಚೀಸು ತಿಂದೆ. "ರಾಕೆಟ್ ಎಲ್ಲೋ?" ಎಂದು ಕೇಳಿದರೆ, "ಇರ್ಲಿ ಬಿಡತ್ತೆ, ಮೊನ್ನೆದೇ ಸಾಕು" ಎಂದು ನೆಲ ನೋಡಿದೆ. ಆಗಲೇ ನನಗೆ ತಿಳಿಯಿತು. ಸೋಲಲು ಹೊರಟವನಿಗೆ ತಂತಿ ಬಿಗಿಯಾದರೇನು, ಸಡಿಲವಾದರೇನು?

ಮೊದಲ ಸೆಟ್ 6-2ರಲ್ಲಿ ಗೆದ್ದವನು ಎರಡನೆಯದರಲ್ಲಿ ಸರ್ವ್ ಮೇಲೆ ಸರ್ವ್ ಬಲೆಗೆ ಹೊಡೆದೆ. ಪಕ್ಕದಲ್ಲಿ ಕೂತಿದ್ದ ಮುದುಕ, "ಏನಮ್ಮಾ, ಹುಡುಗನಿಗೆ ಹೊಟ್ಟೆ ಕೆಟ್ಟಿದ್ಯಾ?" ಎಂದ. "ಬುದ್ಧಿ ಕೆಟ್ಟಿದೆ" ಎಂದೆ. ಮೂರನೆಯ ಸೆಟ್ಟೂ ಹೋಯಿತು, ಪಂದ್ಯವೂ ಹೋಯಿತು.

ನಿನ್ನ ಕಷ್ಟ ನಾನು ಕಾಣದ್ದೇನಲ್ಲ. ನೀನು ಜಗತ್ತಿಗೆ ಇನ್ನೂರ ನಲವತ್ತನೆಯವನಾದಾಗ ನಮ್ಮ ಬೇಕರಿಯವನು ನಿನ್ನ ಫೋಟೊವನ್ನು ಗಾಜಿಗೆ ಅಂಟಿಸಿದ್ದ. ಆಮೇಲೆ ಭುಜ ಹೋಯಿತು. ಕಾರಿನಲ್ಲೇ ಮಲಗಿದೆ, ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಬಟ್ಟೆ ಒಗೆದುಕೊಂಡೆ, ಇಪ್ಪತ್ತೊಂಬತ್ತಕ್ಕೇ ಮುದುಕನಾದೆ. ಜೂಜಿನ ದುಡ್ಡು ತೋರಿಸಿ ಆ ಬ್ರಸೆಲ್ಸಿನವನು ಒಂದು ಪಂದ್ಯ ಬಿಟ್ಟುಕೊಡು ಎಂದಾಗ ನನ್ನ ಹತ್ತಿರ ಬರಬಾರದಿತ್ತೇನೋ? ಬಯ್ಯುತ್ತಿದ್ದೆ, ಕೆನ್ನೆಗೂ ಕೊಡುತ್ತಿದ್ದೆ. ಊಟವನ್ನೂ ಹಾಕುತ್ತಿದ್ದೆ.

ನಿನ್ನಪ್ಪ ನಿನ್ನೆ ಫೋನಿನಲ್ಲಿ ಕೂಗಾಡಿದ. "ಒಂದ್ ಸಾಲು ಬರೆದ್ರೆ ನಿನ್ನ ಗಂಟೇನ್ ಹೋಗುತ್ತೆ ಲೀವ್? ಅವನು ನಿನ್ ಮಗನ ಹಾಗಲ್ವಾ?" ಮಗನ ಹಾಗೇ. ಆ ಸಾಲಿನಿಂದ ನೀನು ಪಾರಾದರೆ ಬರುವ ಬೇಸಿಗೆಗೆ ಆ ಬ್ರಸೆಲ್ಸಿನವನು ಮತ್ತೆ ಬರುತ್ತಾನೆ, ಇನ್ನೊಂದು ಪಂದ್ಯ ಕೇಳುತ್ತಾನೆ. ನೀನು ಕೊಡುತ್ತೀಯ. ಅದನ್ನು ನೋಡುವ ಶಕ್ತಿ ನನಗಿಲ್ಲ. ಒಪ್ಪಿಕೊಂಡರೆ ನಿಷೇಧದ ವರ್ಷ ಕಡಿಮೆ ಮಾಡುತ್ತಾರಂತೆ. ಮಾಡದಿದ್ದರೂ ಒಪ್ಪಿಕೋ.

ಬರೆದು ಬರೆದು ಕೈ ಸೋತಿತು.

ಬಯ್ದರೂ ನಿನ್ನವಳೇ,
ಗೋಡೆಲೀವ್ ಅತ್ತೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಆ ಬೆಳಿಗ್ಗೆ ಕಾಫಿ ಮುಗಿಸಿ ನೀನು ಮೈ ಬಿಸಿ ಮಾಡಿಕೊಳ್ಳಲು ಹೋದ ಮೇಲೆ, ನಾನು ಆಟದ ಮೇಲೆ ಪಣವನ್ನೂ ಕಟ್ಟಿಸಿಕೊಳ್ಳುವ ರಸ್ತೆಯಾಚೆಯ ಪೇಪರ್ ಅಂಗಡಿಗೆ ಹೋಗಿ ನೀನು ಸೋಲುತ್ತೀಯೆಂದು ಐವತ್ತು ಯೂರೋ ಪಣ ಕಟ್ಟಿದೆ. ಸಿಟ್ಟಿಗೆ ಕಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಗೆದ್ದ ಹಣ ತರಲು ಹೋದಾಗ ಸಿಟ್ಟೇನೂ ಇರಲಿಲ್ಲ. ಟೂರ್ನಿಯಲ್ಲಿ ಕೆಲಸ ಮಾಡುವವರು ಪಣ ಕಟ್ಟಬಾರದೆಂಬ ಕಾಗದಕ್ಕೆ ನಾನೂ ಸಹಿ ಹಾಕಿದ್ದವಳೇ. ಗುರುವಾರ ಇದನ್ನು ಅವರ ಮುಂದೆ ಹೇಳಲು ಬರುತ್ತೇನೆ. ಹೋಗುವಾಗ ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋಗು. ರೈಲು ಹತ್ತಲು ಮಂಡಿ ಕೇಳುವುದಿಲ್ಲ.